ಹನ್ನೊಂದು ವರ್ಷ ಗೆದ್ದವರು ಯಾರು?

ನಾನು ಶಾಲೆಯಲ್ಲಿ ಆಟದ ಟೀಚರ್. ಪಂದ್ಯಗಳ ಫಾರಂ ತುಂಬುವ ವಾರ ಬಂತೆಂದರೆ ನನಗೆ ತಲೆಬಿಸಿ. ಗಂಡುಮಕ್ಕಳ ಫಾರಂ ಮಾರನೆಯ ದಿನವೇ ಬರುತ್ತವೆ. ಹೆಣ್ಣುಮಕ್ಕಳದು ಬರಬೇಕೆಂದರೆ ನಾನೇ ಮನೆಮನೆ ಅಲೆಯಬೇಕು. ಅಪ್ಪ ಊರಲ್ಲಿಲ್ಲ, ಜನನ ಪತ್ರ ಸಿಗುತ್ತಿಲ್ಲ, ಫೋಟೋ ತೆಗೆಸಿಲ್ಲ. ನೆಪಗಳಿಗೇನು ಬರ?

ಆ ಸಲ ಚೆಸ್ ಪಂದ್ಯಕ್ಕೆ ಆರನೇ ತರಗತಿಯ ಪುಟ್ಟಿಯ ಫಾರಂ ಒಂದೇ ಬಾಕಿ ಇತ್ತು. ಅವಳ ಎದುರು ಆಡಲು ಕೂರುವುದಕ್ಕೆ ದೊಡ್ಡ ಹುಡುಗರೂ ಹಿಂದೆಮುಂದೆ ನೋಡುತ್ತಾರೆ. ಅವಳ ಅಪ್ಪ ಲಿಫ್ಟ್ ರಿಪೇರಿ ಮಾಡುವವರು, ಒಳ್ಳೆಯ ಮನುಷ್ಯ. ಬಾಗಿಲಲ್ಲೇ ನಿಂತು ತಮ್ಮ ಫೋನ್ ತೋರಿಸಿದರು. ಪುಟ್ಟಿ ದಿನಾ ಅದರಲ್ಲೇ ಆಡುತ್ತಾಳಂತೆ, ಅಪ್ಪನ ಹೆಸರಿನಲ್ಲಿ. ಎರಡು ವರ್ಷದ ಗೆಲುವೆಲ್ಲ ಅಲ್ಲೇ ಇದೆಯಂತೆ.

“ಯಾರ ಹೆಸರಲ್ಲಿ ಆಡಿದ್ರೆ ಏನ್ ಟೀಚರ್, ಎಲ್ಲಾ ಒಂದೇ ಮನೆ ತಾನೇ? ಹೆಣ್ಣುಮಗು ಹೆಸರು, ಫೋಟೋ ಎಲ್ಲಾ ಕಡೆ ಯಾಕೆ ಕೊಡೋದು? ನಮ್ಮಪ್ಪ ಚೆಸ್ ಕ್ಲಬ್ಬಲ್ಲಿ ಹನ್ನೊಂದು ವರ್ಷ ಚಾಂಪಿಯನ್. ಅವರ ಆಟ ಇವಳಿಗೆ ಬಂದಿದೆ, ಅಷ್ಟು ಸಾಕು.”

ಒಳಗೆ ಕಿಟಕಿಯ ಹತ್ತಿರ ಅವರ ತಾಯಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಎಪ್ಪತ್ತೆರಡು ವರ್ಷದ ಅಜ್ಜಿ. ತಲೆ ಎತ್ತದೆ ಹೇಳಿದರು: “ನಿಮ್ಮಪ್ಪ ಆಡ್ಲಿಲ್ಲ ಕಣೋ. ನಾನು ಆಡ್ದೆ.”

ಮಗ ನಕ್ಕುಬಿಟ್ಟರು. ಅಪ್ಪ ಹೋದಾಗಿನಿಂದ ಅಮ್ಮನದು ಇದೇ ಮಾತು, ವಯಸ್ಸಾಯಿತಲ್ಲ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಫಾರಂ ಬದಿಗಿಟ್ಟು ಅಜ್ಜಿಯ ಪಕ್ಕ ಹೋಗಿ ಕುಳಿತೆ.

ಅಜ್ಜಿಯ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಆ ಕ್ಲಬ್ಬಿನ ಚೆಸ್ ಗಡಿಯಾರಗಳನ್ನು ತಲುಪಿಸಲು ಹೋದ ಹುಡುಗಿ ಅಲ್ಲೇ ನಿಂತು ಆಟ ಕಲಿತಳು. ಹದಿನೇಳಕ್ಕೆ ಅಲ್ಲಿನ ದೊಡ್ಡ ಆಟಗಾರನನ್ನೇ ಸೋಲಿಸಿದಳು. ಆ ಊರಿನಲ್ಲಿ ಗಂಡಸರ ಎದುರು ಬೋರ್ಡಿಗೆ ಕುಳಿತ ಮೊದಲ ಹೆಣ್ಣು ಅವಳೇ. ಸದಸ್ಯೆಯಾಗುತ್ತೇನೆ ಎಂದರೆ, ಹೆಂಗಸರಿಗೆ ಇಲ್ಲ ಎಂದರು. ಮದುವೆಯಾದ ಮೇಲೆ ಗಂಡ ಸದಸ್ಯರಾದರು. ಆಗ ಕ್ಲಬ್ಬಿನ ಸದಸ್ಯರಿಗೆ ಅಂಚೆ ಕಾರ್ಡಿನಲ್ಲಿ ಆಡುವ ಪಂದ್ಯಗಳಿದ್ದವು. ಒಂದು ನಡೆಯನ್ನು ಅಂಕಿಗಳಲ್ಲಿ ಬರೆದು ಅಂಚೆಗೆ ಹಾಕಿ, ಎದುರಾಳಿಯ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು. ಹೆಸರು ಗಂಡನದು, ನಡೆ ಹೆಂಡತಿಯದು. ಕಾರ್ಡಿನ ಅಕ್ಷರ ಸದಸ್ಯರದೇ ಇರಬೇಕೆಂಬ ನಿಯಮವಿದ್ದುದರಿಂದ, ಅಜ್ಜಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಗಂಡ ನಕಲು ಮಾಡುತ್ತಿದ್ದರು. ಚೀಟಿ ಒಲೆಗೆ ಹೋಗುತ್ತಿತ್ತು. ಹೀಗೆ ಹನ್ನೊಂದು ವರ್ಷ ಗೆದ್ದರು, ಕ್ಲಬ್ಬಿನ ಗೋಡೆಯ ಫಲಕದಲ್ಲಿ ಹನ್ನೊಂದು ಸಲ ಗಂಡನ ಹೆಸರು ಬಂತು.

“ಅವರು ಕೆಟ್ಟವರಲ್ಲಮ್ಮ,” ಎಂದರು ಅಜ್ಜಿ. “ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತಿದ್ರು. ಹೇಳ್ದೇನೇ ಹೋಗ್ಬಿಟ್ರು.”

ಅವರಿಗೆ ಬೇಕಿದ್ದದ್ದು ಒಂದೇ. ಕಣ್ಣು ಮುಚ್ಚುವ ಮೊದಲು ಆ ಫಲಕದಲ್ಲಿ ತಮ್ಮ ಹೆಸರು ನೋಡಬೇಕು.

ಮುಂದಿನ ಭಾನುವಾರ ಅಜ್ಜಿಯನ್ನು ಕ್ಲಬ್ಬಿಗೆ ಕರೆದುಕೊಂಡು ಹೋದೆ. ಈ ಮಾತು ಇಲ್ಲಿಗೆ ಮುಗಿಯಲಿ ಎಂದು ಮಗನೂ ಬಂದರು. ಕ್ಲಬ್ಬಿನ ಕಾರ್ಯದರ್ಶಿ ಮರ್ಯಾದಸ್ಥರು. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಅಜ್ಜಿಯ ಮಾತು ಕೇಳಿ ಹಳೆಯ ಆಟಗಳ ಪುಸ್ತಕ ತೆರೆದರು. ಅವರು ತೋರಿಸಿದ್ದು ಅಜ್ಜಿಯ ಗಂಡನ ಹೆಸರಿನ ಹನ್ನೆರಡನೇ ವರ್ಷದ ಆಟ, ಸೋತ ಆಟ. ಗೆಲ್ಲುತ್ತಿದ್ದ ಮನುಷ್ಯ ಇಪ್ಪತ್ತಮೂರನೇ ನಡೆಯಲ್ಲಿ ರಾಣಿಯನ್ನು ಸುಮ್ಮಸುಮ್ಮನೆ ಕೊಟ್ಟದ್ದೇಕೆ ಎಂದು ಇವತ್ತಿಗೂ ಯಾರಿಗೂ ತಿಳಿದಿಲ್ಲವಂತೆ.

ಅಜ್ಜಿ ಬೋರ್ಡಿನ ಮೇಲೆ ಆ ನಡೆಯವರೆಗೂ ಕಾಯಿಗಳನ್ನು ಜೋಡಿಸಿದರು. ರಾಣಿಯನ್ನು ಪುಸ್ತಕದಲ್ಲಿದ್ದ ಮನೆಗಿಂತ ಒಂದು ಮನೆ ಹಿಂದೆ ಇಟ್ಟರು.

“ನಾನು ಚೀಟೀಲಿ ಬರೆದಿದ್ದು ಐದು. ಅವರು ಆರು ಅಂತ ನಕಲು ಮಾಡಿದ್ರು. ಕಾರ್ಡು ಡಬ್ಬಿಗೆ ಬಿದ್ಮೇಲೆ ವಾಪಸ್ ತಗೊಳ್ಳೋ ಹಾಗಿಲ್ಲ. ಉತ್ತರ ಬಂದ ದಿನ ಅವರು ಊಟ ಮಾಡ್ಲಿಲ್ಲ. ಅವತ್ತಿಂದ ನಾನು ಆಡ್ಲಿಲ್ಲ.”

ಕಾರ್ಯದರ್ಶಿ ಆ ನಡೆಯಿಂದ ಮುಂದಕ್ಕೆ ಆಟ ನಡೆಸಿ ನೋಡಿದರು. ನನಗೆ ಒಳಗೊಳಗೇ ಆಸೆ ಹುಟ್ಟಿತು. ಆದರೆ ಅವರು ಮೆತ್ತಗೆ ಹೇಳಿದ್ದು ಬೇರೆ. ನಡೆ ಸರಿಯಾಗಿಯೇ ಇದೆ, ಆದರೆ ಬಲ್ಲವರು ಯಾರಾದರೂ ಅದನ್ನು ಈಗ ಕುಳಿತು ಹುಡುಕಬಹುದು. ಅಜ್ಜಿಯ ಕೈಬರಹದ ಒಂದಾದರೂ ಚೀಟಿ ಇದೆಯೇ? ಇಲ್ಲ. ಕಣ್ಣಾರೆ ಕಂಡವರು? ಗಂಡ ಒಬ್ಬರೇ.

“ಇನ್ನೊಂದು ಮಾತಮ್ಮ. ನೀವು ಹೇಳಿದ್ದು ನಿಜ ಅಂತಾದ್ರೆ, ಬೇರೆಯವರ ಹೆಸರಲ್ಲಿ ಆಡಿದ ಹಾಗಾಯ್ತು. ಆಗ ಹನ್ನೊಂದು ಗೆಲುವೂ ರದ್ದು. ನಿಮ್ಮ ಹೆಸರು ಬರಲ್ಲ, ನಿಮ್ಮ ಯಜಮಾನರ ಹೆಸರೂ ಅಳಿಸಬೇಕಾಗತ್ತೆ. ಬರೆದುಕೊಡ್ತೀರಾ?”

ಅಜ್ಜಿ ಫಲಕದಲ್ಲಿದ್ದ ಗಂಡನ ಹೆಸರು ನೋಡಿದರು. ಬೇಡ ಎಂದು ಎದ್ದುಬಿಟ್ಟರು.

ಬಸ್ ನಿಲ್ದಾಣದಲ್ಲಿ ಮಗ ಬಾಯಿ ಬಿಟ್ಟರು. ಚಿಕ್ಕಂದಿನಲ್ಲಿ ಕುದುರೆ ಹೇಗೆ ನಡೆಸುವುದು ಎಂದು ಕೇಳಿದಾಗಲೆಲ್ಲ ಅಪ್ಪ, ಅಮ್ಮನನ್ನು ಕೇಳು ಎನ್ನುತ್ತಿದ್ದರಂತೆ. ಅಪ್ಪನಿಗೆ ಪುರುಸೊತ್ತಿಲ್ಲ ಎಂದುಕೊಂಡಿದ್ದರಂತೆ. ಐವತ್ತರ ಹತ್ತಿರದ ಗಂಡಸು, ನಿಂತಲ್ಲೇ ಅತ್ತುಬಿಟ್ಟರು.

“ನಾನು ನಂಬ್ತೀನಮ್ಮ.”

“ನಂಬಿದ್ದು ಒಳ್ಳೇದಾಯ್ತು. ಆದ್ರೆ ಅಷ್ಟು ಸಾಕಾಗಲ್ಲ ಕಣೋ,” ಎಂದರು ಅಜ್ಜಿ. “ಅಷ್ಟು ವರ್ಷ ಆಡಿದ್ದು ನಾನು. ಈಗ ಏನೂ ಅಲ್ಲದವಳಾಗಿ ಹೋಗ್ತೀನಿ.”

ಅಜ್ಜಿ ಅವತ್ತಿನಿಂದ ಮನೆಯಲ್ಲಿ ಚೆಸ್ ಬೋರ್ಡ್ ಇರುವ ಕೋಣೆಗೂ ಹೋಗುವುದಿಲ್ಲ.

ಸೋಮವಾರ ಬೆಳಿಗ್ಗೆ ಪುಟ್ಟಿಯ ಫಾರಂ ಬಂತು. ಅವಳದೇ ಹೆಸರು, ಅವಳದೇ ಫೋಟೋ, ಸೊಟ್ಟಗೆ ಅವಳದೇ ಸಹಿ. ಫೋನಿನಲ್ಲೂ ಅಪ್ಪ ತಾವೇ ಕುಳಿತು ಅವಳ ಹೆಸರಿನಲ್ಲಿ ಹೊಸ ಖಾತೆ ತೆರೆದರು. ಅಪ್ಪನ ಹೆಸರಿನಲ್ಲಿ ಗೆದ್ದ ಎರಡು ವರ್ಷ ಮಾತ್ರ ಅವಳಿಗೆ ಬರಲಿಲ್ಲ. ಮಗು ಸೊನ್ನೆಯಿಂದ ಶುರು ಮಾಡಬೇಕಾಯಿತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಆಡುವ ಮಗಳಿದ್ದಾಳಲ್ಲ. ಅವಳ ಜನನ ಪತ್ರ ಹುಡುಕಿ, ಫೋಟೋ ತೆಗೆಸಿ, ಫಾರಂನಲ್ಲಿ ಅವಳ ಹೆಸರನ್ನೇ ಬರೆಯಿರಿ. ಹೆದರಿಕೆಯಿದ್ದರೆ ಶಾಲೆಗೆ ಬಂದು ಕೇಳಿ, ಪಂದ್ಯಕ್ಕೆ ಅವಳ ಜೊತೆ ನೀವೇ ಬನ್ನಿ. ಆಟ ಮುಗಿದ ಮೇಲೆ ನಡೆಗಳನ್ನು ಬರೆದ ಹಾಳೆಗೆ ಅವಳೇ ಸಹಿ ಹಾಕಲಿ, ಅದರ ಪ್ರತಿಯನ್ನು ಜೋಪಾನವಾಗಿ ಇಡಿ. ಎಲ್ಲಾ ಒಂದೇ ಮನೆ ತಾನೇ ಎನ್ನಬೇಡಿ. ಆ ಅಜ್ಜಿಗೆ ನಾವು ಇನ್ನು ಏನೂ ಮಾಡಲಾರೆವು. ನಿಮ್ಮ ಮಗಳಿಗೆ ಇವತ್ತು ಸಂಜೆಯೊಳಗೆ ಮಾಡಬಹುದು.