ಕಳ್ಳಿಗೆ ಎರಡು ತೋಳು ಬಾಕಿ

ಗಂಡ ತೀರಿಕೊಂಡ ಕೆಲವು ತಿಂಗಳಿಗೆ ಅವಳು ಮ್ಯೂಸಿಯಂನ ವರ್ಕ್‌ಶಾಪಿಗೆ ಮರಳಿದಳು. ಮೇಸ್ತ್ರಿ ಏನೂ ಕೇಳಲಿಲ್ಲ. ಮೂಲೆಯಲ್ಲಿ ನಿಂತಿದ್ದ ಕಬ್ಬಿಣದ ಚೌಕಟ್ಟು ತೋರಿಸಿ, "ಮರುಭೂಮಿ ವಿಭಾಗದ ಕಳ್ಳಿ. ಇದು ನಿನ್ನದು" ಎಂದರು.

ಸಗ್ವಾರೊ ಎಂಬ ಕಳ್ಳಿ. ನಿಜವಾದದ್ದು ಎರಡಂತಸ್ತಿನ ಮನೆಯನ್ನೂ ಮೀರಿ ಬೆಳೆಯುತ್ತದೆ. ಇಲ್ಲಿ ಸೂರಿಗೆ ತಕ್ಕಂತೆ ಎರಡಾಳೆತ್ತರಕ್ಕೆ ಇಳಿಸಿದ್ದರು. ಚೌಕಟ್ಟಿಗೆ ಜಾಲರಿ ಸುತ್ತಿ, ಪ್ಲಾಸ್ಟರ್ ಮೆತ್ತಿ, ಮೇಲಿಂದ ಕೆಳಗಿನವರೆಗೆ ನೆರಿಗೆ ತೀಡಿ, ಬೂದಿ ಬೆರೆಸಿದಂಥ ಹಸಿರು ಬಳಿದಳು. ಇನ್ನು ಪ್ರತಿ ನೆರಿಗೆಯ ಏಣಿನ ಮೇಲೂ ಮುಳ್ಳಿನ ಗೊಂಚಲು ಅಂಟಿಸಬೇಕು. ನೈಲಾನ್ ಪೊರಕೆಯ ಕಡ್ಡಿಗಳೇ ಮುಳ್ಳು.

ಆ ಕೆಲಸ ಅವಳಿಗೆ ಒಗ್ಗಿತು. ಮುಳ್ಳು ಅಂಟಿಸುವವಳನ್ನು ಯಾರೂ ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೂ ಹೇಳಲು ಅವಳಲ್ಲಿ ಏನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಗಂಡನ ಸಾವಿನ ಕಾಗದ ಮುಂದಿಟ್ಟಾಗ ಸಹಿ ಹಾಕಿ, ಪೆನ್ನು ಹಿಂದಿರುಗಿಸಿ, ಥ್ಯಾಂಕ್ಸ್ ಎಂದಿದ್ದಳು. ಅಂದಿನಿಂದ ಎಲ್ಲವೂ ಹಾಗೆಯೇ ನಡೆದಿತ್ತು. ಅಮ್ಮ ಫೋನ್ ಮಾಡಿ, "ಅಲ್ಲಿ ನಿನಗಿನ್ನು ಏನಿದೆ? ಭಾನುವಾರ ಅಣ್ಣ ವ್ಯಾನ್ ತರ್ತಾನೆ, ಬಂದ್ಬಿಡು" ಎಂದಾಗಲೂ "ಹೂಂ" ಎಂದಿದ್ದಳು. ಒಂದೇ ಮನೆಯಲ್ಲಿದ್ದ ಅತ್ತೆಗೆ ಅದನ್ನು ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಬಾಯಿ ತೆರೆಯುವುದೇ ಭಾರವಾಗಿತ್ತು.

ಒಂದು ಮಧ್ಯಾಹ್ನ ಅತ್ತೆ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದರು.

"ಬೀಗದ ಕೈ ಮನೇಲೇ ಬಿಟ್ಟು ಬಂದಿದೀಯ. ನಾನು ಮಾರ್ಕೆಟ್‌ಗೆ ಹೋದ್ರೆ ನೀನು ಹೊರಗೇ ನಿಲ್ಬೇಕಾಗ್ತಿತ್ತು" ಎಂದವರು ಕಳ್ಳಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನೇ ಇದು? ಲೋಕದಲ್ಲಿರೋ ಮುಳ್ಳು ಸಾಲದು ಅಂತ ನೀನೊಂದಿಷ್ಟು ಮಾಡ್ತಿದೀಯಾ?"

ಮೇಸ್ತ್ರಿ ನಕ್ಕು ಸ್ಟೂಲ್ ಎಳೆದುಕೊಟ್ಟರು. ಅತ್ತೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದು ಮಗನನ್ನು ಬೆಳೆಸಿದವರು. ಸುಮ್ಮನೆ ಕೂರಲಾರದೆ ಚಿಮಟ ಕೈಗೆತ್ತಿಕೊಂಡರು. ಸಂಜೆಯ ಹೊತ್ತಿಗೆ ಸೊಸೆಯ ಸಾಲಿಗಿಂತ ಅವರ ಸಾಲೇ ಉದ್ದವಾಗಿತ್ತು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ಮೇಸ್ತ್ರಿ ಚುಡಾಯಿಸಿದರು. ಅತ್ತೆ ಮರುದಿನವೂ ಬಂದರು.

ಆವತ್ತು ಸಸ್ಯಶಾಸ್ತ್ರದ ಮೇಡಂ ಕೆಲಸ ನೋಡಲು ಬಂದಿದ್ದರು. "ಮಳೆ ಬಿದ್ರೆ ಈ ನೆರಿಗೆಗಳು ಹಾರ್ಮೋನಿಯಂ ತಿದಿ ಥರ ಹಿಗ್ಗುತ್ವೆ, ಗಿಡ ಹೊಟ್ಟೆ ತುಂಬ ನೀರು ಹಿಡಿದಿಟ್ಟುಕೊಳ್ಳುತ್ತೆ" ಎಂದು ವಿವರಿಸಿದರು. "ಪಕ್ಕದಲ್ಲಿ ಕೊಂಬೆ ಥರ ಎರಡು ತೋಳು ಹಾಕಿ, ಇದು ಮುದಿ ಗಿಡ. ಮೊದಲನೇ ತೋಳು ಮೂಡೋಕೇ ಐವತ್ತು, ಎಪ್ಪತ್ತೈದು ವರ್ಷ ಬೇಕು."

"ಅಲ್ಲೀವರೆಗೂ ಏನ್ಮಾಡುತ್ತೆ?" ಎಂದರು ಅತ್ತೆ.

"ಸುಮ್ನೆ ನಿಂತಿರುತ್ತೆ."

"ಪುಣ್ಯವಂತ ಗಿಡ. ಮುಂದೇನು ಮುಂದೇನು ಅಂತ ಯಾರೂ ಪೀಡಿಸಲ್ಲ."

ಕಾಂಡದಲ್ಲಿ ಮರಕುಟಿಗನ ಗೂಡಿಗೊಂದು ತೂತು ಕೊರೆಯಲು ಹೇಳಿದರು ಮೇಡಂ. ಹಕ್ಕಿ ಕೊರೆದ ಜಾಗದಲ್ಲಿ ರಸ ಒಸರಿ ಒಣಗಿ, ತೂತಿನ ಸುತ್ತ ಮರದಂಥ ಚಿಪ್ಪು ಕಟ್ಟುತ್ತದಂತೆ. ಗಿಡ ಸತ್ತು ಕೊಳೆತ ಮೇಲೂ ಆ ಚಿಪ್ಪು ಉಳಿಯುತ್ತದಂತೆ.

ಮೇಡಂ ಹೋದ ಮೇಲೆ ಮೇಸ್ತ್ರಿ ಟೀ ಕುಡಿಯಲು ಹೊರಗೆ ಹೋದರು. ಅತ್ತೆ ಕೈ ನಿಲ್ಲಿಸದೆ ಹೇಳಿದರು: "ನಿಮ್ಮಮ್ಮ ನನಗೂ ಫೋನ್ ಮಾಡಿದ್ರು."

"ಹೂಂ."

"ಹೂಂ ಅಂದ್ರೆ? ಹೋಗ್ತೀಯಾ?"

"ಗೊತ್ತಿಲ್ಲ ಅತ್ತೆ. ನನಗೆ ಏನೂ ಅನ್ನಿಸ್ತಾ ಇಲ್ಲ. ಹೋಗ್ಬೇಕು ಅಂತಾನೂ ಇಲ್ಲ, ಇರ್ಬೇಕು ಅಂತಾನೂ ಇಲ್ಲ. ಅಳೂನೂ ಬರ್ತಿಲ್ಲ."

ಅತ್ತೆ ಒಂದು ಗೊಂಚಲು ಮುಗಿಸಿ ಇನ್ನೊಂದು ಹಿಡಿದರು. "ನನಗೂ ಬರಲ್ಲ ಕಣೇ. ಅವನು ಹೋದ ದಿನ ಅಷ್ಟೊಂದು ಅತ್ತಿದ್ನಲ್ಲ, ಅದು ಬಂದವರಿಗೋಸ್ಕರ. ಅಳದೇ ಕೂತಿದ್ರೆ ಇವಳೆಂಥ ತಾಯಿ ಅಂತಿದ್ರು."

ಸೊಸೆ ತಿರುಗಿ ನೋಡಿದಳು. ಇಷ್ಟು ದಿನ ಗೋಡೆಯಾಚೆ ಮಲಗಿದ್ದವರು ದುಃಖ ತಡೆಯಲಾರದೆ ಬಿಕ್ಕುತ್ತಿರಬಹುದೆಂದು, ಅದನ್ನು ಕೇಳಬಾರದೆಂದು, ಬೇಗ ದೀಪ ಆರಿಸಿ ಮುಸುಕು ಎಳೆದುಕೊಳ್ಳುತ್ತಿದ್ದಳು.

"ಮತ್ತೆ ರಾತ್ರಿ ಏನ್ಮಾಡ್ತೀರಾ?"

"ಸೂರು ನೋಡ್ತೀನಿ."

"ನಾನೂ ಅಷ್ಟೇ."

"ಹಾಗಾದ್ರೆ ಎರಡು ಫ್ಯಾನ್ ಯಾಕೆ ದಂಡಕ್ಕೆ ತಿರುಗಿಸೋದು?" ಎಂದರು ಅತ್ತೆ. ಇಬ್ಬರೂ ನಗಲಿಲ್ಲ. ಆ ರಾತ್ರಿ ಅತ್ತೆಯ ಚಾಪೆ ಸೊಸೆಯ ಕೋಣೆಗೆ ಬಂತು.

ಭಾನುವಾರ ಅಣ್ಣ ವ್ಯಾನ್ ತಂದ. ಅವಳು ಒಂದು ಬಟ್ಟೆಯನ್ನೂ ಕಟ್ಟಿರಲಿಲ್ಲ.

"ಕಳ್ಳಿಗೆ ಇನ್ನೂ ಎರಡು ತೋಳು ಬಾಕಿ ಇದೆ" ಎಂದಳು.

"ತಲೆ ಕೆಟ್ಟಿದೆಯಾ? ಪ್ಲಾಸ್ಟರ್ ಗಿಡಕ್ಕೋಸ್ಕರ ಇಲ್ಲಿ ಉಳೀತೀಯಾ?"

"ಅದೊಂದೇ ಅಲ್ಲ" ಎಂದಳು. ಅಣ್ಣ ಅತ್ತೆಯ ಮುಖ ನೋಡಿದ. ಅವರು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ತಿಂಗಳು ಬಿಟ್ಟು ಮತ್ತೆ ಬರುತ್ತೇನೆಂದು ಹೇಳಿ ಅವನು ಖಾಲಿ ವ್ಯಾನಿನಲ್ಲೇ ಹೊರಟ.

ಮುಂದಿನ ವಾರ ತೋಳುಗಳನ್ನು ಕೂರಿಸಿದರು, ತುದಿಗಳಲ್ಲಿ ಮೇಣದಂತಹ ಬಿಳಿ ಹೂಗಳನ್ನಿಟ್ಟರು. ಸೊಸೆ ಏಣಿಯ ಮೇಲೆ, ಅತ್ತೆ ಏಣಿ ಹಿಡಿದು ಕೆಳಗೆ. ಚೆನ್ನಾಗಿದೆ ಎಂದು ಮೇಸ್ತ್ರಿ ಎರಡು ಸಲ ಹೇಳಿದರು. ಅವಳಿಗೆ ಖುಷಿಯೇನೂ ಆಗಲಿಲ್ಲ. ಕೆಲಸ ಮುಗಿದಿತ್ತು, ಅಷ್ಟೇ.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತೆ ಅವಳ ಹೆಗಲಿಗೊರಗಿ ನಿದ್ದೆಹೋದರು. ಹೆಗಲು ಜೋಮು ಹಿಡಿಯಿತು. ಅವಳು ಕದಲಲಿಲ್ಲ. ಇಳಿಯುವ ಸ್ಟಾಪು ಬಂದು, ದಾಟಿ ಹೋಯಿತು. ಮುಂದಿನದರಲ್ಲಿ ಎಬ್ಬಿಸಿದರಾಯಿತು ಎಂದುಕೊಂಡಳು.