ಲಾಟು ಹಿಡಿಯುವ ಕೈ

ಗಲಗಲ, ಗಲಗಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾನೆ ಚೌಕಳಿ ಶರ್ಟಿನವನು, ರೇಷ್ಮೆಗೂಡಿನೊಳಗಿನ ಹುಳದ ಸದ್ದು ಕೇಳುವುದಂತೆ, ಕೇಳಿಸಿತೋ ಇಲ್ಲವೋ, ಗೂಡನ್ನು ಜಾಲರಿಗೇ ಎಸೆದು ಮೊಬೈಲಿನಲ್ಲಿ ಏನೋ ಒತ್ತಿಕೊಂಡು ಹೋದ, ಅವನ ಹಿಂದೆಯೇ ಇನ್ನೊಂದು ಕೈ, ಹರಳಿನುಂಗುರದ್ದು, ಆಮೇಲೆ ಕೆಂಪು ದಾರ ಕಟ್ಟಿದ್ದು, ಮೊಣಕೈವರೆಗೂ ಒಳಗೆ ಹೋಗಿ ತಳದ ಗೂಡನ್ನು ಮೇಲಕ್ಕೆ ತರುವ ಕೈ — ಇಡೀ ಶಿಡ್ಲಘಟ್ಟದ ನೂಲು ತೆಗೆಯುವ ರೀಲರುಗಳಿಗೆಲ್ಲ ಇವತ್ತು ಈ ಒಂದೇ ಲಾಟು ಕಣ್ಣಿಗೆ ಬೀಳಬೇಕೇ, ಪೆರೇಸಂದ್ರದ ಚೈತನ್ಯ ಅನ್ನುವ ಹುಡುಗ ಬೆಳೆದ ಗೂಡು, ಬೆಳ್ಳಗೆ ಹೊಳೆಯುತ್ತಿದೆ, ಹೊಳಪು ನೋಡಿಯೇ ನನ್ನ ಮಾವ ಮುನಿಶಾಮಪ್ಪ ಇಲ್ಲಿ ಕಾಲೂರಿದ್ದು, ಇದೇ ಕಣಮ್ಮ ನಮ್ಮ ಲಾಟು ಅಂದುಬಿಟ್ಟರು, ಇನ್ನೂ ಮುಟ್ಟಿರಲಿಲ್ಲ. ಮೊದಲ ಸುತ್ತಿನ ಹರಾಜು ಮುಗಿಯಿತು, ಎರಡನೆಯದೇ ಕೊನೆಯದು, ದರ ಒತ್ತಬೇಕಾದ ಮೊಬೈಲು ನನ್ನ ಕೈಯಲ್ಲಿದೆ, ಮಾವನಿಗೆ ಆ ಸಣ್ಣ ಅಂಕಿ ಕಾಣುವುದಿಲ್ಲ, ನನ್ನ ಗಂಡ ನರೇಂದ್ರ ನಮ್ಮ ನೂಲಿನ ಯೂನಿಟ್ಟಿನಲ್ಲಿ ಬಾಯ್ಲರಿನ ಮುಂದೆ ಕೂತಿದ್ದಾನೆ, ಎರಡನೇ ಶನಿವಾರ ಕಾಲೇಜಿಗೆ ರಜ ಅಂತ ಸೊಸೆಯನ್ನು ಕರೆತಂದಿದ್ದಾರೆ, ಚಿಕ್ಕಬಳ್ಳಾಪುರದಲ್ಲಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳುವ ಸೊಸೆಯನ್ನು, ಅಂಕಿ ಒತ್ತುವುದಕ್ಕೆ. ಒತ್ತುತ್ತೇನೆ, ಅದಕ್ಕೇನು, ಆದರೆ ಈ ಕೈಗಳು, ಎಷ್ಟೊಂದು ಕೈಗಳು, ಒಂದೊಂದು ಕೈಯೂ ಒಳಗೆ ಹೋಗಿ ಬರುವಾಗ ಒಂದೊಂದು ಅಂಕಿ ಹಿಡಿದುಕೊಂಡು ಬರುತ್ತದೆ, ಗೂಡು ಒಂದೇ, ಅದರೊಳಗಿನ ನೂಲು ಇರುವಷ್ಟೇ ಇದೆ, ಅಂಕಿ ಮಾತ್ರ ಕೈಗೊಂದು — ತಡಿ, ಶ್ರೀವಲ್ಲಿ, ತಡಿ, ಇದು ಲೆಕ್ಕ, ಇದು ಅಪ್ಪಟ ಲೆಕ್ಕ, ಎರಡು ವರ್ಷದಿಂದ ಮನೆಯಲ್ಲಿ ಎಲ್ಲರೂ ಗ್ರಹಚಾರ ಅಂತ ಕರೆಯುತ್ತಿರುವುದು ಇದನ್ನೇ ಇರಬೇಕು.

ಎರಡು ವರ್ಷದಿಂದ ಮಾವ ಹಿಡಿದ ಲಾಟೆಲ್ಲ ಸೊಟ್ಟಗೆ ಹೋಗುತ್ತಿದೆ, ಒಂದು ಕೆ.ಜಿ. ನೂಲಿಗೆ ಆರೂವರೆ ಕೆ.ಜಿ. ಗೂಡು ಸಾಕು ಅಂತ ಹಿಸುಕಿ ನೋಡಿದ ಕೈ ಹೇಳಿದ್ದಕ್ಕೆ ಬಿಸಿನೀರಿನ ಬೇಸನ್ನಿನಲ್ಲಿ ಏಳೂವರೆ ಎಂಟು ಕೇಳುತ್ತದೆ, ಅರ್ಧಕ್ಕೇ ಎಳೆ ಮುಗಿದು ಗೂಡು ಮುಳುಗಿಹೋಗುತ್ತದೆ, ಮಾವ ಬೂದುಗುಂಬಳಕಾಯಿ ಒಡೆದರು, ಬಾಯ್ಲರಿನ ಬಾಗಿಲನ್ನು ಮೂಡಲಿಗೆ ತಿರುಗಿಸಿದರು, ಅತ್ತೆ ಅಮ್ಮಾಜಮ್ಮ ಮುರುಗಮಲ್ಲದ ದರ್ಗಾಕ್ಕೂ ಹೋಗಿ ಸಕ್ಕರೆ ಓದಿಸಿಕೊಂಡು ಬಂದರು, ನನ್ನದು ಇನ್ನೊಂದು ಹುಚ್ಚು, ನಾಲ್ಕು ಭಾನುವಾರ ಥರ್ಮಾಮೀಟರು ಹಿಡಿದು ಬೇಸನ್ನಿನ ಪಕ್ಕ ಕೂತೆ, ನೀರಿನ ಬಿಸಿ, ನೀರಿನ ಗಡಸು, ರಾಟೆಯ ವೇಗ, ವೇಗ ಹೆಚ್ಚಿದರೆ ನೂಲು ಹೆಚ್ಚು, ಆದರೆ ಎಳೆ ಕಡಿಯುವುದೂ ಹೆಚ್ಚು, ಕಡಿದದ್ದನ್ನು ಕಟ್ಟುವಷ್ಟು ಹೊತ್ತು ರಾಟೆ ನಿಲ್ಲಬೇಕು, ಅಂದರೆ ನಡುವೆ ಎಲ್ಲೋ ಒಂದು ಸರಿಯಾದ ವೇಗ ಇದ್ದೇ ಇರಬೇಕು, ಹುಡುಕಿದೆ, ಸಿಕ್ಕಿತು, ಸಿಕ್ಕಿದ ದಿನ ಗ್ರಾಫನ್ನು ನರೇಂದ್ರನ ಮೂಗಿಗೆ ಹಿಡಿದು ಕುಣಿದೆ, ಲೆಕ್ಕ ಬಿಚ್ಚಿಕೊಂಡರೆ ಹಿಂಗೇ ಕುಣೀತೀಯಲ್ಲೇ ಅಂತ ಚಿಂತಾಮಣಿಯಲ್ಲಿ ನಮ್ಮಪ್ಪ ಪುಟ್ಟಸ್ವಾಮಯ್ಯ ತಾಲ್ಲೂಕು ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಾ ಹೇಳುತ್ತಿದ್ದದ್ದು, ಕುಣಿದೆ, ಆದರೆ ಎಂಟು ಅನ್ನುವುದು ಏಳೂ ಮುಕ್ಕಾಲಾಯಿತು, ಅಷ್ಟೇ. ಕೊನೆಗೆ ಮಾವ ಬೇಸನ್ನಿಗೆ ಕೂರುವ ಹೆಂಗಸರ ಮೇಲೆ ಹೋದರು, ಆಂಜಿನಮ್ಮ ಎಳೆ ಹುಡುಕುವಾಗ ಚೆನ್ನಾಗಿರೋ ಗೂಡನ್ನೂ ಜೂಟು ಅಂತ ಕಸಕ್ಕೆ ಎಸೀತಾಳೆ, ಸೋಮವಾರದಿಂದ ಬರೋದು ಬೇಡ ಅಂದುಬಿಟ್ಟರು, ನಾನು ಮದುವೆಯಾಗಿ ಬರುವುದಕ್ಕೂ ಮೊದಲಿನಿಂದ ಇರುವವಳು, ಕೈ ಒರೆಸಿಕೊಂಡು ಹೋದಳು, ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ರಾತ್ರಿ ಮಾವನಿಗೆ ಮುದ್ದೆ ಬಡಿಸುವುದನ್ನು ಅತ್ತೆಗೇ ಬಿಟ್ಟೆ. ಮತ್ತೆ ನಿನ್ನೆ ಊಟಕ್ಕೆ ಕೂತಾಗ ನರೇಂದ್ರನಿಗೆ ಹೇಳಿದ್ದಾರೆ, ಇದೊಂದು ಲಾಟು ನೋಡಿಬಿಡಣ ಕಣಪ್ಪ, ಇದೂ ಹಾಳಾದ್ರೆ ಬಾಯ್ಲರ್ ಆರಿಸಿ ಮಾರಿಬಿಡ್ತೀನಿ, ನನಗೆ ಇನ್ನು ಋಣ ಇಲ್ಲ. ಆರಿಸುತ್ತಾರೆ, ಆಡಿದ್ದನ್ನು ಮಾಡುವ ಮನುಷ್ಯ, ಆರಿಸಿ ಜಗಲಿಯ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ.

ಋಣ ಅಲ್ಲ ಮಾವ, ನೀವು ಗೆಲ್ಲುತ್ತೀರಿ, ಅದೇ ತೊಂದರೆ — ಹೌದು, ಹೌದು, ಕಡಲೆಕಾಯಿ, ಹೋದ ತಿಂಗಳು ಎರಡನೇ ವರ್ಷದ ಕ್ಲಾಸಿನಲ್ಲಿ ಗಾಜಿನ ಭರಣಿ ತುಂಬ ಕಡಲೆಕಾಯಿ ಇಟ್ಟು ಎಷ್ಟಿದೆ ಬರೆಯಿರಿ ಅಂದೆನಲ್ಲ, ಒಬ್ಬ ಇನ್ನೂರು ಅಂದ, ಒಬ್ಬಳು ಎಂಟುನೂರು, ಎಲ್ಲ ಕೂಡಿಸಿ ಭಾಗಿಸಿದರೆ ಸರಾಸರಿ ಹೆಚ್ಚುಕಡಿಮೆ ಸರಿಯಾಗೇ ಬಂತು, ಹುಡುಗರು ಮೇಜು ಬಡಿದರು, ಆಗ ಕೇಳಿದೆ, ಇದು ಹರಾಜಾಗಿದ್ದರೆ ಭರಣಿ ಯಾರಿಗೆ ಸಿಗುತ್ತಿತ್ತು, ಎಂಟುನೂರು ಅಂದವಳಿಗೆ ಮೇಡಂ, ಅಂದರೆ ಎಲ್ಲರಿಗಿಂತ ಹೆಚ್ಚು ತಪ್ಪಿದವಳಿಗೆ, ಕ್ಲಾಸು ಗೊಳ್ಳೆಂದಿತು, ನಾನೂ ನಕ್ಕೆ, ಬೋರ್ಡ್ ಒರೆಸಿ ಬಸ್ಸು ಹತ್ತಿ ಮನೆಗೆ ಬಂದೆ, ಮನೆಯಲ್ಲಿ ಅದೇ ಭರಣಿ ಜಾಲರಿಯ ರೂಪದಲ್ಲಿ ಕೂತಿದೆ ಅಂತ ಹೊಳೆಯಲಿಲ್ಲ ನೋಡು, ದಡ್ಡಿ, ಹೇಳಿಕೊಡುವ ಲೆಕ್ಕ ಒಂದು ಕಡೆ, ಮನೆ ಒಂದು ಕಡೆ. ಲಾಟು ಸರಾಸರಿಗೆ ಸಿಗುವುದಿಲ್ಲ, ಗರಿಷ್ಠಕ್ಕೆ ಸಿಗುತ್ತದೆ, ಇಷ್ಟು ಕೈ ಒಳಗೆ ಹೋದ ಜಾಲರಿಯಲ್ಲಿ ಅತಿ ಹೆಚ್ಚು ಅಂದವನ ಕೈ ಮೇಲ್ಮುಖವಾಗಿ ತಪ್ಪಿರಲೇಬೇಕು, ಕೈ ಹೆಚ್ಚಾದಷ್ಟೂ ತಪ್ಪು ಹೆಚ್ಚು, ಆದ್ದರಿಂದ ಎಲ್ಲರೂ ಮುಗಿಬಿದ್ದಿರುವ ಲಾಟಿಗೆ ಕೈ ಹೇಳಿದ್ದಕ್ಕಿಂತ ಇಳಿಸಿ ಒತ್ತಬೇಕು, ಜನ ಇಲ್ಲದ ಲಾಟಿಗೆ ಕೈಯನ್ನು ನಂಬಬಹುದು — ನಾವು ಮಾಡುವುದು ಪೂರ್ತಿ ತಿರುಗುಮುರುಗು, ಜನ ಸೇರಿದರೆ ಮಾವನಿಗೆ ಹುರುಪು, ಮರ್ಯಾದೆ ಪ್ರಶ್ನೆ, ಮೊನ್ನೆ ಆ ರೀಲರ್ ಬಯ್ಯಪ್ಪನ ಬಾಯಿಂದ ಕಿತ್ತುಕೊಂಡೆ ಅಂತ ಮೀಸೆಯಡಿ ನಗು, ಮಾರುಕಟ್ಟೆಯ ಬಾಗಿಲಲ್ಲಿ ಹತ್ತು ಜನಕ್ಕೆ ಟೀ, ಲಾಟು ಹಿಡಿದರೆ ಟೀ ಕೊಡಿಸುವುದು ಇವರೆಲ್ಲರ ಪದ್ಧತಿ, ಪಾಪ, ಅತಿ ಹೆಚ್ಚು ತಪ್ಪಿದ ಮನುಷ್ಯ ಮಿಕ್ಕವರಿಗೆಲ್ಲ ಟೀ ಕೊಡಿಸುತ್ತಾ ನಿಂತಿರುತ್ತಾನೆ. ಎಲ್ಲ ಕೂಡಿಬರುತ್ತಿದೆ, ಆಂಜಿನಮ್ಮನ ತಪ್ಪಲ್ಲ, ಮೂಡಲ ಬಾಗಿಲಲ್ಲ, ರಾಟೆಯಲ್ಲ, ಗೂಡು ಬೇಸನ್ನಿಗೆ ಬೀಳುವ ಮೊದಲೇ ನೂಲು ಇಲ್ಲಿ, ಈ ಸಿಮೆಂಟು ನೆಲದ ಮೇಲೆ ಕಳೆದುಹೋಗಿರುತ್ತದೆ, ನನಗೆ ಎಷ್ಟು ಖುಷಿಯಾಗುತ್ತಿದೆ ಎಂದರೆ ಎದುರಿಗಿರುವ ಚೌಕಳಿ ಶರ್ಟಿನವನನ್ನೇ ನಿಲ್ಲಿಸಿ ಹೇಳಿಬಿಡೋಣ ಅನ್ನಿಸುತ್ತಿದೆ. ಮಾವ ಕೇಳುತ್ತಿದ್ದಾರೆ, ಏನಮ್ಮ ಒಬ್ಬಳೇ ನಗ್ತಿದೀಯ, ಇಲ್ಲ ಮಾವ, ಏನೋ ಕಾಲೇಜಿನದು ನೆನಪಾಯಿತು ಅಂದೆ, ಹೇಳುತ್ತೇನೆ ಮಾವ, ಎರಡೇ ನಿಮಿಷ, ಪೂರ್ತಿ ಬಿಡಿಸಿ ಹೇಳುತ್ತೇನೆ.

ಪೂರ್ತಿ ಅಂದರೆ ಇನ್ನೂ ಒಂದು ಗಂಟಿದೆ, ಗೆದ್ದವರು ಸೋಲುವುದು ಸರಿ, ಆದರೆ ಯಾವಾಗಲೂ ನಾವೇ ಯಾಕೆ ಗೆಲ್ಲಬೇಕು, ಬಯ್ಯಪ್ಪನೂ ಇದೇ ಜಾಲರಿಗೆ ಕೈ ಹಾಕುವವನು, ಉಂಗುರದವನೂ ಅಷ್ಟೇ, ಅವರಿಗೆ ತಿಂಗಳಿಗೊಮ್ಮೆ ಏಟು ಬಿದ್ದರೆ ನಮಗೆ ವಾರವಾರ, ಮೊದಲು ಹೀಗಿರಲಿಲ್ಲ, ನಾನು ಬಂದ ಹೊಸದರಲ್ಲಿ ಮಾವ ಎಷ್ಟೋ ದಿನ ಬರಿಗೈಲಿ ಬರುತ್ತಿದ್ದರು, ರೇಟು ಏರಿಸಿಬಿಟ್ಟರು ಕಣಮ್ಮ, ಅಷ್ಟಕ್ಕೆ ಬಾಳಲ್ಲ ಅದು ಅಂತ ಸಮಾಧಾನವಾಗಿ ಕಾಲು ತೊಳೆಯುತ್ತಿದ್ದರು, ಆಗ ಅವರ ಕೈ ಅಂದರೆ ಕೈ, ಬೆರಳಲ್ಲಿ ಒಂದು ಸಲ ಒತ್ತಿ ಈ ಗೂಡಿನ ಸಿಪ್ಪೆ ತೆಳು, ನೂಲು ಕಮ್ಮಿ ಅಂದರೆ ಕಮ್ಮಿಯೇ. ಎರಡು ವರ್ಷದಿಂದ ಏನಾಯಿತು, ದುರಾಸೆಯೇ, ಅಲ್ಲ, ದುರಾಸೆಯ ಮನುಷ್ಯ ಅಲ್ಲ — ಕ್ಲಾಸಿಗೆ ಹೋಗು, ಶ್ರೀವಲ್ಲಿ, ಮತ್ತೆ ಭರಣಿಯ ಹತ್ತಿರ ಹೋಗು, ಎಂಟುನೂರು ಅಂದವಳು ಶಿರೀಷಾ, ಎಲ್ಲಿ ಕೂತಿದ್ದಳು, ಕೊನೆಯ ಬೆಂಚು, ಇನ್ನೂರು ಅಂದವನೂ ಕೊನೆಯ ಬೆಂಚೇ, ಮಾರನೆಯ ವಾರ ಅವರೆಕಾಳು ತುಂಬಿಸಿ ಇಟ್ಟಾಗ ಗೆದ್ದದ್ದೂ ಕೊನೆಯ ಬೆಂಚೇ, ಯಾಕೆಂದರೆ ಅವರಿಗೆ ಭರಣಿ ಸರಿಯಾಗಿ ಕಾಣುವುದಿಲ್ಲ, ಕಾಣದವರ ಅಂದಾಜು ಅಗಲವಾಗಿ ಹರಡುತ್ತದೆ, ಒಂದು ಸಲ ತೀರಾ ಕೆಳಗೆ, ಒಂದು ಸಲ ತೀರಾ ಮೇಲೆ, ಕೆಳಗೆ ಬಿದ್ದ ದಿನ ಯಾರೂ ಗಮನಿಸುವುದಿಲ್ಲ, ಲಾಟು ಬೇರೆಯವರ ಪಾಲಾಯಿತು, ಅಷ್ಟೇ, ಮೇಲೆ ಹೋದ ದಿನ ಅವರೇ ಗೆಲ್ಲುತ್ತಾರೆ. ಗೆಲ್ಲುವವನು ಆಸೆಬುರುಕನಲ್ಲ, ಎಲ್ಲರಿಗಿಂತ ಕಡಿಮೆ ಕಣ್ಣು ಕಾಣುವವನು, ಆಹಾ, ಎಷ್ಟು ಚೆನ್ನಾಗಿದೆ ಇದು, ಹರವು ಹೆಚ್ಚಿದ್ದವನು ತುದಿಯಲ್ಲಿ ಹೆಚ್ಚು ಸಲ ಸಿಗುತ್ತಾನೆ, ನಾನೇ ಬರೆಸಿರುವ ನೋಟ್ಸು, ಅಂದಮೇಲೆ ಈ ಗುಂಪಿನಲ್ಲಿ ಯಾರ ಕೈಯ ಅಂದಾಜು ಎಲ್ಲರಿಗಿಂತ ಅಗಲವೋ ಅವನೇ — ಆದರೆ ಮಾವ ಕೊನೆಯ ಬೆಂಚಿನವರಲ್ಲವಲ್ಲ, ಇಲ್ಲೇ ಜಾಲರಿಗೆ ಅಂಟಿಕೊಂಡು ನಿಂತಿದ್ದಾರೆ, ಕಣ್ಣು ಮಂಜಾದರೇನು, ಗೂಡು ನೋಡುವುದು ಕಣ್ಣಲ್ಲ, ಕೈ.

ಕೈ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿದೆವು, ಸ್ಟೀಲು ಲೋಟ, ನನಗೆ ಮುಟ್ಟಲಾಗದೆ ಸೆರಗಲ್ಲಿ ಹಿಡಿದೆ, ಮಾವ ಇಡೀ ಅಂಗೈಯಲ್ಲಿ ಅಪ್ಪಿ ಹಿಡಿದು ಕೊನೆಯ ಗುಟುಕಿನವರೆಗೂ ಮಾತಾಡುತ್ತಾ ನಿಂತಿದ್ದರು. ಹೋದ ಚಳಿಗಾಲದಲ್ಲಿ ಬೇಸನ್ನಿನ ಕುದಿನೀರಿಗೆ ಕೈ ಹಾಕಿ ಗೂಡು ಕದಡಿದಾಗ ಆಂಜಿನಮ್ಮ ಅಯ್ಯೋ ಅಣ್ಣ ತೆಗೀರಿ ತೆಗೀರಿ ಅಂತ ಕೂಗಿಕೊಂಡಿದ್ದಳು, ಮಾವ ನಕ್ಕಿದ್ದರು, ರೀಲರ್ ಕೈಯಮ್ಮ ಇದು, ಬಿಸಿಗೆಲ್ಲಾ ಬಗ್ಗಲ್ಲ, ನಾವೂ ನಕ್ಕೆವು, ಹೆಮ್ಮೆಯಿಂದ ನಕ್ಕೆವು, ಎರಡು ದಿನ ಬಿಟ್ಟು ಅತ್ತೆ ಆ ಕೈಯಲ್ಲಿ ಎದ್ದ ಬೊಬ್ಬೆಗಳಿಗೆ ಎಣ್ಣೆ ಹಚ್ಚುತ್ತಿದ್ದಾಗ ಮಾವ ಟೀವಿ ನೋಡುತ್ತಿದ್ದರು. ಮಾವನ ಸಕ್ಕರೆ ಕಾಯಿಲೆ, ಎಷ್ಟು ವರ್ಷವಾಯಿತು, ಚಪ್ಪಲಿ ಕಳಚಿಹೋದದ್ದು ಗೊತ್ತಾಗದೆ ಒಂಟಿ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದು, ಕಾಲಿಗೆ ಸ್ಪರ್ಶ ಇಲ್ಲ ಅಂದಮೇಲೆ ಕೈಗೂ — ಸಿಕ್ಕಿತು, ಉತ್ತರ ಸಿಕ್ಕಿತು, ಎಲ್ಲ ಒಂದಕ್ಕೊಂದು ಕೂತಿತು, ಇಷ್ಟು ಚೊಕ್ಕವಾಗಿ ಯಾವ ಲೆಕ್ಕವೂ ನನಗೆ ಬಿಚ್ಚಿಕೊಂಡಿರಲಿಲ್ಲ, ಮಾವ ಕೇಳಿ ಅನ್ನಲು ಬಾಯಿ ತೆರೆದಿದ್ದೇನೆ, ಬಾಯ್ಲರ್ ಆರಿಸಬೇಕಿಲ್ಲ, ಆಂಜಿನಮ್ಮನನ್ನು ಸೋಮವಾರ ಕರೆಸಿ, ತಪ್ಪಿರುವುದು ಇಷ್ಟೇ, ನಿಮ್ಮ ಕೈ — ನಿಮ್ಮ ಕೈ ಅಂತ ಹೇಗೆ ಹೇಳುವುದು, ಯಾವ ಮಾತಿನಲ್ಲಿ ಹೇಳುವುದು, ಬಾಯ್ಲರು ಉಳಿಯುತ್ತದೆ, ಇವರಿಗೆ ಏನು ಉಳಿಯುತ್ತದೆ. ಮೊಬೈಲಿನಲ್ಲಿ ಸಮಯ ಓಡುತ್ತಿದೆ, ಬಯ್ಯಪ್ಪ ಆ ಕಂಬದ ಹತ್ತಿರ ಒತ್ತಿ ಮುಗಿಸಿ ಜೇಬಿಗಿಟ್ಟುಕೊಂಡ, ನಾನೂ ಒಂದು ಗೂಡು ಹಿಸುಕಿದೆ, ನನ್ನ ಎಳಸು ಬೆರಳಿಗೂ ಮೆತ್ತಗೆ, ಹೊಳಪಷ್ಟೇ, ಸಿಪ್ಪೆ ತೆಳು. ಒಂದ್ನಿಮಿಷ ತಾಳಮ್ಮ, ಇನ್ನೊಂದು ಸಲ ನೋಡಿಬಿಡ್ತೀನಿ, ಕಡೇ ಲಾಟಲ್ಲವಾ ಅಂತ ಮಾವ ತೋಳು ಮಡಚಿ ಜಾಲರಿಯೊಳಗೆ ಕೈ ಇಳಿಸುತ್ತಿದ್ದಾರೆ, ನಡುವಿಂದ ಒಂದು ಗೂಡು ತಂದರು, ಕಣ್ಣು ಮುಚ್ಚಿಕೊಂಡರು, ಹಿಂದೆ ಹೀಗೆಯೇ ಮುಚ್ಚುತ್ತಿದ್ದರು, ಬೆರಳು ಮೆಲ್ಲಗೆ ಒತ್ತುತ್ತಿವೆ, ಗೂಡು ಚಪ್ಪಟೆಯಾಯಿತು, ಒತ್ತುತ್ತಲೇ ಇದ್ದಾರೆ, ಒಳಗಿನ ಹುಳ ಒಡೆಯಿತು, ಹಳದಿ ನೀರು ಬೆರಳ ಸಂದಿಯಿಂದ ಇಳಿದು ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮಡಚಿದ ತೋಳಿನ ಕಡೆಗೆ, ಮುಖದಲ್ಲಿ ನೆಮ್ಮದಿ, ಮುಚ್ಚಿದ ಕಣ್ಣಿನಲ್ಲೇ ನನ್ನ ಕಡೆ ತಿರುಗಿದ್ದಾರೆ, ಗಟ್ಟಿಯಾಗೈತಲ್ಲವೇನಮ್ಮ ಅಂತ ಕೇಳುತ್ತಿದ್ದಾರೆ, ಕೆ.ಜಿ.ಗೆ ಏಳುನೂರು ಒತ್ತಮ್ಮ, ಗಟ್ಟಿಯಾಗೈತೆ, ಹಳದಿ ನೀರು, ನನ್ನ ಹೆಬ್ಬೆರಳು ಅಂಕಿಯ ಮೇಲೆ, ಹಳದಿ ನೀರು ತೊಟ್ಟಿಕ್ಕುತ್ತಿದೆ, ಗಟ್ಟಿಯಾಗೈತಲ್ಲವೇನಮ್ಮ, ಒತ್ತುತ್ತಲೇ ಇರುವ ಬೆರಳು