ಕ್ಲಚ್ಚಿಲ್ಲದ ಗಾಡಿ

ಕೂಡ್ಲಿಗಿಯಲ್ಲಿ ಹಳೆಯ ಆಟೊಮ್ಯಾಟಿಕ್ ಗೇರಿನ ಜೀಪು ಇರುವುದು ಒಂದೇ ಒಂದು. ಅದರ ತಜ್ಞರು ಮಾತ್ರ ಕಡಿಮೆಯೆಂದರೂ ನಲವತ್ತು ಜನ ಇದ್ದಾರೆ. ಗಾಡಿ ಕೆಟ್ಟ ಮೊದಲ ವಾರದಲ್ಲೇ ಅವರೆಲ್ಲರ ದರ್ಶನ ನನಗಾಯಿತು. ಟೀ ಅಂಗಡಿಯವರು ಕಂಪ್ಯೂಟರ್ ಹೋಗಿದೆ ಎಂದರು. ಮೊಬೈಲ್ ರಿಪೇರಿಯವನು ಸೆನ್ಸರ್ ಎಂದ. ನಮ್ಮವ್ವ ಅನ್ನದಾನಮ್ಮ ಯಾರದೋ ಕಣ್ಣು ಬಿದ್ದಿದೆ ಎಂದು ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಮೂರರಲ್ಲಿ ಅಗ್ಗದ ಚಿಕಿತ್ಸೆ ಅವ್ವನದೇ, ಗುಣದಲ್ಲೂ ಉಳಿದ ಎರಡಕ್ಕಿಂತ ಕಡಿಮೆಯೇನಿರಲಿಲ್ಲ.

ನಾನು ಸುಕನ್ಯಾ, ಪಶುವೈದ್ಯೆ. ಸುತ್ತಲಿನ ಕುರಿಹಟ್ಟಿಗಳಿಗೆ ಕುರಿ ಡಾಕ್ಟ್ರಮ್ಮ. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ನನ್ನ ಎಡಗಾಲು ಸೋತುಹೋಯಿತು. ಕ್ಲಚ್ ತುಳಿಯುವ ಶಕ್ತಿ ಅದಕ್ಕಿಲ್ಲ. ಆಟೊಮ್ಯಾಟಿಕ್ ಗಾಡಿಯಲ್ಲಿ ಇರುವುದು ಎರಡೇ ಪೆಡಲು, ಎರಡಕ್ಕೂ ಬಲಗಾಲು ಸಾಕು. ಅಂದರೆ ಅದು ನನ್ನ ಶೋಕಿಯಲ್ಲ, ನನ್ನ ಇನ್ನೊಂದು ಕಾಲು. ಹಟ್ಟಿಗಳೇನು ಟಾರು ರಸ್ತೆಯ ಪಕ್ಕದಲ್ಲಿ ಇರುವುದಿಲ್ಲ. ಹಳ್ಳ ದಾಟಬೇಕು, ಕಲ್ಲು ಹತ್ತಬೇಕು, ಅದಕ್ಕೇ ನಾಲ್ಕೂ ಗಾಲಿ ಎಳೆಯುವ ಗಾಡಿ ಬೇಕು. ಗಣಿ ಧಣಿಯೊಬ್ಬರು ಒಳ್ಳೆಯ ಕಾಲದಲ್ಲಿ ಕೊಂಡು ಕೆಟ್ಟ ಕಾಲದಲ್ಲಿ ಮಾರಿದ ಜೀಪು ಇದು. ಕೊಂಡದ್ದು ನನ್ನ ಸಂಬಳದಲ್ಲಿ, ಕಾಗದ ಮಾತ್ರ ಅಣ್ಣ ಕೊಟ್ರಸ್ವಾಮಿಯ ಹೆಸರಿನಲ್ಲಿ. ಧಣಿಗಳಿಗೆ ಹೆಂಗಸಿನ ಜೊತೆ ವ್ಯವಹಾರ ಮಾಡಿ ಅಭ್ಯಾಸವಿರಲಿಲ್ಲವಂತೆ.

ಗಾಡಿಯ ರೋಗ ಇಷ್ಟೇ. ಗೇರ್ ಹಾಕಿದರೆ ಹೊರಡುವ ಮೊದಲು ಎರಡು ಕ್ಷಣ ಯೋಚನೆ ಮಾಡುತ್ತಿತ್ತು. ಏರು ಬಂದರೆ ಎಂಜಿನ್ ಕಿರುಚುತ್ತಿತ್ತು, ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ನಮ್ಮಣ್ಣನ ಹಾಗೆ, ಸದ್ದು ಜಾಸ್ತಿ, ಕೆಲಸ ಕಡಿಮೆ.

ಕಡೆಗೆ ಗಾಡಿ ಪಾಲಾಕ್ಷಪ್ಪನವರ ಗ್ಯಾರೇಜು ಸೇರಿತು. ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ರಿಪೇರಿ ಮಾಡುವವರು, ಕೈ ಶುದ್ಧ, ಬಾಯಿ ಶುದ್ಧ. ಅವರು ಎಂಜಿನ್ ಬಂದ್ ಮಾಡಿದರು. ಎಣ್ಣೆ ಕೆಳಗಿಳಿದು ನಿಲ್ಲಲೆಂದು ಒಂದು ಟೀ ಕುಡಿದರು. ಆಮೇಲೆ ಗೇರ್ ಬಾಕ್ಸಿನ ಎಣ್ಣೆ ಅಳೆಯುವ ಉದ್ದ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ಎಲ್ಲರಿಗೂ ತೋರಿಸಿದರು. ಎಣ್ಣೆ ಫುಲ್. ಹೀಗೆ ಮೂರು ಸಲ ನೋಡಿದರು, ಮೂರು ಟೀ ಆಯಿತು, ಮೂರು ಸಲವೂ ಫುಲ್. ಟ್ರ್ಯಾಕ್ಟರಿನಲ್ಲಿ ಎಂಜಿನ್ ಎಣ್ಣೆ ನೋಡುವುದು ಹೀಗೆ, ಆದ್ದರಿಂದ ಭೂಮಿಯ ಮೇಲೆ ಯಾವ ಎಣ್ಣೆಯನ್ನಾದರೂ ನೋಡುವುದು ಹೀಗೆಯೇ. ಎಣ್ಣೆ ಸರಿಯಿದ್ದರೆ ಒಳಗಿನ ಪ್ಲೇಟುಗಳು ಸುಟ್ಟಿರಬೇಕು, ಅವುಗಳ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ ಎಂದು ಅವರು ಕೈ ಚೆಲ್ಲಿದರು.

ಅಣ್ಣನಿಗೆ ಬೇಕಾಗಿದ್ದೂ ಅಷ್ಟೇ. ಹೊಸಪೇಟೆಯ ಗುಜರಿಯೊಂದರಲ್ಲಿ ಅದೇ ಜಾತಿಯ ಗಾಡಿಯ ಸಾದಾ ಗೇರ್ ಬಾಕ್ಸ್ ಕ್ಲಚ್ ಪೆಡಲ್ ಸಮೇತ ಸಿಗುತ್ತದೆಂದು ಹುಡುಕಿಯೇಬಿಟ್ಟ. ಭಾನುವಾರ ಮಧ್ಯಾಹ್ನ ಲಗೇಜ್ ಗಾಡಿಯಲ್ಲಿ ಬರಬೇಕೆಂದು ಮಾತಾಯಿತು. ಕ್ಲಚ್ ಹಾಕಿಸಿದರೆ ಓಡಿಸುವವರು ಯಾರು ಎಂದು ಕೇಳಿದೆ.

"ನಾನಿಲ್ಲೇನು? ನಿನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೊಕ್ಕೀನಿ" ಎಂದ.

ಅಣ್ಣ ಕರೆದುಕೊಂಡು ಹೋಗುವುದೆಂದರೆ ಗೊಬ್ಬರದಂಗಡಿ ಮುಚ್ಚಿದ ಮೇಲೆ, ಊಟವಾದ ಮೇಲೆ, ನಿದ್ದೆ ಬರದಿದ್ದರೆ, ಮನಸ್ಸಿದ್ದರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಸುದ್ದಿ ಕೇಳಿದ್ದೆ. ಇಲ್ಲಿ ನೆಗಡಿ ಗಾಡಿಗೆ, ಕೊಯ್ಯುವುದು ನನ್ನ ಮೂಗು.

ಆ ಎರಡು ವಾರ ನಾನು ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಆಟೋದಲ್ಲೇ ಬಂದೆ. ಆಟೋ ಹಟ್ಟಿಗೆ ಹೋಗುವುದಿಲ್ಲ. ಓಬಮ್ಮ ಎಂಬ ಕುರಿಗಾರ್ತಿ ಹೊಟ್ಟೆಯುಬ್ಬರದ ಒಂದು ಕುರಿಯನ್ನು ಹೆಗಲ ಮೇಲೆ ಹೊತ್ತು ಟಾರು ರಸ್ತೆಯವರೆಗೆ ನಡೆದು, ಅಲ್ಲಿಂದ ಟಂಟಂ ಹಿಡಿದು ನನ್ನ ಹತ್ತಿರ ತಂದಳು. ತರುವಷ್ಟರಲ್ಲಿ ಅದು ಸತ್ತಿತ್ತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಅವ್ವ ಕಾಲು ನೋಯುತ್ತಿದೆಯೇ ಎಂದು ಕೇಳಿದಳು. ನಮ್ಮ ಮನೆಯಲ್ಲಿ ನಾನು ಅತ್ತರೆ ಕಾರಣ ಯಾವಾಗಲೂ ಕಾಲೇ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಗ್ಯಾರೇಜಿಗೆ ಹೋದೆ. ಗೇರ್ ಬಾಕ್ಸ್ ಬಿಚ್ಚುವ ಮೊದಲು ಒಂದು ಸಲ ಸ್ಟೇರಿಂಗ್ ಮುಂದೆ ಕೂತು ಬರೋಣವೆಂದು ಹೋದದ್ದು, ಬೇರೆ ಯಾವ ಘನ ಉದ್ದೇಶವೂ ಇರಲಿಲ್ಲ. ಕೂತಾಗ ಒಂದು ಮಾತು ಹೊಳೆಯಿತು. ಕಾಯಿಲೆಯ ಕುರಿ ಬಂದರೆ ನಾನು ಮೊದಲು ಕುರಿಯನ್ನು ಮುಟ್ಟುವುದಿಲ್ಲ. ಕಾಯುವವರನ್ನು ಕೇಳುತ್ತೇನೆ, ಯಾವತ್ತಿನಿಂದ ಹೀಗೆ, ಅದರ ಹಿಂದಿನ ದಿನ ಏನಾಯಿತು ಎಂದು. ಅರ್ಧ ರೋಗ ಅಲ್ಲೇ ಸಿಕ್ಕಿಬಿಡುತ್ತದೆ. ಈ ಗಾಡಿಯನ್ನು ಕಾಯುವವಳು ನಾನು, ನಲವತ್ತು ತಜ್ಞರಲ್ಲಿ ಒಬ್ಬರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಅವರನ್ನು ಬೈಯುವುದು ಸುಲಭ, ನಾನಾದರೂ ಎಲ್ಲಿ ಕೇಳಿಕೊಂಡಿದ್ದೆ? ಗಂಡಸರು ಬಾನೆಟ್ ಎತ್ತಿದ ಕೂಡಲೇ ನಾವು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇವೆ. ಡಾಕ್ಟರ್ ಓದಿದವರೂ ಅಷ್ಟೇ.

ಯಾವತ್ತಿನಿಂದ? ಹರಪನಹಳ್ಳಿಯಲ್ಲಿ ರೇಡಿಯೇಟರಿಗೆ ಬೆಸುಗೆ ಹಾಕಿಸಿದ ದಿನದಿಂದ. ಚಿಗಟೇರಿಗೆ ಲಸಿಕೆ ಹಾಕಲು ಹೋಗಿದ್ದಾಗ ನೀರು ಸೋರತೊಡಗಿ, ದಾರಿಯಲ್ಲೇ ತೋರಿಸಿಕೊಂಡು ಬಂದಿದ್ದೆ. ಅವತ್ತು ಮರಳುವಾಗಲೇ, ಕೊಟ್ಟೂರು ದಾಟುವಾಗ, ಗಾಡಿ ಮೊದಲ ಸಲ ಯೋಚನೆ ಮಾಡಿತ್ತು. ಮತ್ತೊಂದು ನೆನಪಾಯಿತು. ರೇಡಿಯೇಟರ್ ಕಳಚಿದಾಗ ಅದರ ಕೆಳಗಿನ ಎರಡು ಸಣ್ಣ ಪೈಪುಗಳಿಂದ ಕೆಂಪನೆಯ ಎಣ್ಣೆ ನೆಲಕ್ಕೆ ಸುರಿದಿತ್ತು. ಬೆಸುಗೆಯವನು ಅದರ ಮೇಲೆ ಕಾಲಿನಿಂದ ಮಣ್ಣು ಎಳೆದಿದ್ದ. ಬಣ್ಣ ಚೆನ್ನಾಗಿದೆ ಎಂದುಕೊಂಡು ನಾನು ಮೊಬೈಲ್ ನೋಡುತ್ತಾ ಕೂತಿದ್ದೆ.

ನೀರಿನ ರೇಡಿಯೇಟರಿನಲ್ಲಿ ಎಣ್ಣೆಗೇನು ಕೆಲಸ ಎಂದು ಪಾಲಾಕ್ಷಪ್ಪನವರನ್ನು ಕೇಳಿದೆ. ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ ಬಹಳ ಕಾಯುತ್ತದೆ, ತಣ್ಣಗಾಗಲು ಅಲ್ಲಿ ಒಂದು ಸುತ್ತು ಹೋಗಿ ಬರುತ್ತದೆ ಎಂದು ವಿವರಿಸಿದರು.

"ಹಂಗಾರ ಅವತ್ತು ಸುರಿದ ಎಣ್ಣಿನ ವಾಪಸ್ ಯಾರು ಹಾಕಿದ್ರು?" ಎಂದೆ.

ಯಾರೂ ಹಾಕಿರಲಿಕ್ಕಿಲ್ಲ, ಆದರೆ ಕಡ್ಡಿ ಫುಲ್ ಎನ್ನುತ್ತಿದೆ, ಕಡ್ಡಿ ಸುಳ್ಳು ಹೇಳುವುದಿಲ್ಲ ಎಂದರು. ನಾನು ಇಳಿದು ಹೋಗಿ ಕಡ್ಡಿ ಎಳೆದು ಒರೆಸಿದೆ. ಅಕ್ಷರ ಕಂಡರೆ ಓದುವ ಚಟ ನನಗೆ, ಔಷಧದ ಬಾಟಲಿಯನ್ನೂ ಬಿಡುವುದಿಲ್ಲ. ಕಡ್ಡಿಯ ಚಪ್ಪಟೆ ತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒತ್ತಿದ್ದರು. ಗಾಡಿ ಬಿಸಿಯಾಗಿರಬೇಕು, ಎಂಜಿನ್ ಓಡುತ್ತಿರಬೇಕು, ಆಗಲೇ ಎಣ್ಣೆ ನೋಡಬೇಕು ಎಂದಿತ್ತು. ಪಕ್ಕದಲ್ಲೇ ಎಣ್ಣೆಯ ಜಾತಿಯ ಹೆಸರೂ ಇತ್ತು. ಗಾಡಿ ಮಾಡಿದವರು ಪಾಪ, ಇಷ್ಟನ್ನೆಲ್ಲ ಬರೆದು ಸರಿಯಾದ ಜಾಗದಲ್ಲೇ ಇಟ್ಟಿದ್ದರು. ಯಾರಾದರೂ ಓದುತ್ತಾರೆ ಎಂಬ ನಂಬಿಕೆಯೊಂದೇ ಅವರ ತಪ್ಪು.

ಓದಿ ಹೇಳಿದೆ. ಪಾಲಾಕ್ಷಪ್ಪನವರು ಒಪ್ಪಲಿಲ್ಲ.

"ಚಾಲೂ ಎಂಜಿನ್ನಾಗ ಎಣ್ಣಿ ನೋಡಿದ್ರ ನಮ್ ಗುರುಗಳು ಕೈ ಮುರೀತಿದ್ರು ಡಾಕ್ಟ್ರಮ್ಮ."

ಗುರುಗಳು ಇವತ್ತು ಬರುವುದಿಲ್ಲ ಎಂದು ಹೇಳಿ ಗಾಡಿ ಚಾಲೂ ಮಾಡಿದೆ. ಗ್ಯಾರೇಜಿನ ಬಯಲಿನಲ್ಲೇ ತೆವಳಿಸುತ್ತಾ ಕಾಲು ಗಂಟೆ ಸುತ್ತಿಸಿ ಬಿಸಿ ಮಾಡಿದೆ. ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಇಳಿದು ಕಡ್ಡಿ ಒರೆಸಿ, ಅದ್ದಿ ತೆಗೆದೆ. ಫುಲ್ ಗೆರೆಯ ಮಾತು ಹಾಗಿರಲಿ, ಕೆಳಗಿನ ಗೆರೆಯೂ ಒಣಗಿತ್ತು. ತುದಿಯಲ್ಲಿ ಒಂದು ಹನಿ ಮಾತ್ರ ಅಂಟಿತ್ತು.

ಪಾಲಾಕ್ಷಪ್ಪನವರು ಕಡ್ಡಿ ಇಸಿದುಕೊಂಡು ಬೆಳಕಿಗೆ ಹಿಡಿದರು. ಎಂಜಿನ್ ನಿಂತಾಗ ಮೇಲಿನ ಎಣ್ಣೆ ಕೆಳಗಿನ ತಟ್ಟೆಗೆ ಇಳಿದು ಮಟ್ಟ ಏರುತ್ತದೆ, ಓಡುವಾಗ ಪಂಪು ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ನಿಜವಾದ ಲೆಕ್ಕ ಓಡುವಾಗಲೇ ಸಿಗುವುದು ಎಂದು ತಮಗೆ ತಾವೇ ಹೇಳಿಕೊಂಡರು. ಅರ್ಥವಾದ ಕೂಡಲೇ ಅವರಿಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಮುಚ್ಚಿಕೊಳ್ಳಲಿಲ್ಲ, ಅದಕ್ಕೇ ಅವರನ್ನು ಕಂಡರೆ ನನಗೆ ಗೌರವ.

"ಮೂರು ಸಲ ಒರೆಸೀನಿ. ಒಂದ್ಸಲಾನೂ ಓದ್ಲಿಲ್ಲ ನೋಡ್ರಿ" ಎಂದರು.

ಎಲ್ಲಿ ಹುಡುಕುವುದೋ ಎಂದುಕೊಂಡಿದ್ದ ಆ ಕೆಂಪು ಎಣ್ಣೆ ಅವರ ಗೂಡಿನಲ್ಲೇ ಇತ್ತು. ಟ್ರ್ಯಾಕ್ಟರಿನ ಪವರ್ ಸ್ಟೇರಿಂಗಿಗೆ ಹಾಕಲು ಇಟ್ಟದ್ದು. ಡಬ್ಬಿಯ ಮೇಲಿನ ಹೆಸರನ್ನೂ ಕಡ್ಡಿಯ ಮೇಲಿನ ಹೆಸರನ್ನೂ ತಾಳೆ ನೋಡಿದೆ, ಒಂದೇ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಎಂಜಿನ್ ಓಡುತ್ತಿರುವಾಗಲೇ ಕಡ್ಡಿಯ ಕೊಳವೆಗೆ ಲಾಳಿಕೆ ಇಟ್ಟು, ಸ್ವಲ್ಪ ಹಾಕುವುದು, ಕಡ್ಡಿ ನೋಡುವುದು, ಮತ್ತೆ ಸ್ವಲ್ಪ ಹಾಕುವುದು. ಒಂದೂವರೆ ಲೀಟರ್ ಹಿಡಿಯಿತು. ಪೈಪುಗಳ ಬಾಯಿ ಸೋರುತ್ತಿಲ್ಲವೆಂದು ಅವರು ಕೆಳಗೆ ಮಲಗಿ ನೋಡಿದರು. ಆಮೇಲೆ ಹೆದ್ದಾರಿಯ ಏರಿಗೆ ಒಯ್ದೆ. ಗಾಡಿ ಯೋಚನೆ ಮಾಡಲಿಲ್ಲ, ಹತ್ತಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಸುಮ್ಮನೆ ಎರಡು ಸಲ ಹತ್ತಿಸಿ ಇಳಿಸಿದೆ.

ಮರಳಿದಾಗ ಅಣ್ಣ ಬಂದು ನಿಂತಿದ್ದ. ಎಲ್ಲವನ್ನೂ ಕೇಳಿ, ಇಂಥದ್ದೇ ಏನೋ ಸಣ್ಣದಿರಬೇಕೆಂದು ತಾನು ಮೊದಲೇ ಹೇಳಿದ್ದೆ ಎಂದ. ಯಾರಿಗೆ ಹೇಳಿದ್ದ ಎಂದು ನಾನು ಕೇಳಲಿಲ್ಲ. ಆದರೆ ಗೇರ್ ಬಾಕ್ಸ್ ಹಾಕಿಸುವುದು ಹಾಕಿಸುವುದೇ ಎಂದ. ಹೊಸಪೇಟೆಯವರಿಗೆ ಮಾತು ಕೊಟ್ಟಾಗಿದೆ, ಹಳೇ ಮಾಲು ಇವತ್ತು ಓಡುತ್ತದೆ ನಾಳೆ ನಿಲ್ಲುತ್ತದೆ, ನನ್ನಂಥವಳು ಅಡವಿಯಲ್ಲಿ ಸಿಕ್ಕಿಕೊಂಡರೆ ಗತಿಯೇನು ಎಂದ. ಗಾಡಿಯ ರೋಗ ಒಂದೂವರೆ ಲೀಟರಿಗೆ ವಾಸಿಯಾಗಿತ್ತು, ಅಣ್ಣನ ರೋಗಕ್ಕೆ ಯಾವ ಗೂಡಿನಲ್ಲೂ ಡಬ್ಬಿ ಇರಲಿಲ್ಲ.

"ಬೇಕಾರ ನೀನ ಓಡ್ಸಿ ನೋಡು" ಎಂದೆ.

ಎರಡು ಪೆಡಲಿನ ಗಾಡಿ ಗಂಡಸರದಲ್ಲವೆಂದು ಅಲ್ಲಿಯತನಕ ಅವನು ಅದನ್ನು ಓಡಿಸಿಯೇ ಇರಲಿಲ್ಲ. ಮೀಸೆ ತೀಡಿಕೊಂಡು ಹತ್ತಿದ. ನಾನು ಪಕ್ಕದಲ್ಲಿ, ಪಾಲಾಕ್ಷಪ್ಪನವರು ಹಿಂದೆ ಕೂತೆವು. ಗಾಡಿ ಹೊರಟಿತು, ವೇಗ ಏರಿತು. ಇಪ್ಪತ್ತೈದು ವರ್ಷ ಕ್ಲಚ್ ತುಳಿದ ಅವನ ಎಡಗಾಲು ಗೇರ್ ಬದಲಿಸುವ ಹೊತ್ತಾಯಿತೆಂದು ತಾನಾಗಿ ಎದ್ದು, ಕ್ಲಚ್ ಇರಬೇಕಾದ ಕಡೆ ಬಲವಾಗಿ ತುಳಿಯಿತು. ಅಲ್ಲಿ ಇದ್ದದ್ದು ಬ್ರೇಕಿನ ಅಗಲ ಪೆಡಲು. ಗಾಡಿ ನೆಲಕ್ಕೆ ನೆಟ್ಟಂತೆ ನಿಂತಿತು, ಅಣ್ಣನ ಹಣೆ ಸ್ಟೇರಿಂಗಿಗೆ ಬಡಿಯಿತು. ಹಿಂದಿನ ಆಟೋದವನು ನಮ್ಮ ವಂಶವನ್ನೆಲ್ಲ ನೆನೆದ. ಅಣ್ಣ ಮತ್ತೆ ಹೊರಟ, ಐವತ್ತು ಮಾರು ಹೋದ, ಮತ್ತೆ ತುಳಿದ. ಮೂರನೆಯ ಸಲವೂ ಅದೇ. ಗಾಡಿಯೇ ಸರಿಯಿಲ್ಲ, ಜಗ್ಗುತ್ತದೆ ಎಂದು ರೇಗಿದ.

ಪಾಲಾಕ್ಷಪ್ಪನವರು ಹಿಂದಿನಿಂದ ಬಗ್ಗಿ ಪೆಡಲುಗಳ ಕಡೆ ನೋಡಿದರು. ಅವರಿಗೆ ವ್ಯಂಗ್ಯ ಬರುವುದಿಲ್ಲ, ರೋಗ ಕಂಡರೆ ಹೇಳುತ್ತಾರೆ ಅಷ್ಟೇ.

"ಗಾಡಿ ಸರಿ ಐತ್ರಿ ಸ್ವಾಮಿ. ದೋಷ ಇರೋದು ನಿಮ್ಮ ಎಡಗಾಲಾಗ."

ಮೂವತ್ತೆಂಟು ವರ್ಷ ನಮ್ಮ ಮನೆಯಲ್ಲಿ ಆ ಮಾತು ನನ್ನೊಬ್ಬಳ ಆಸ್ತಿಯಾಗಿತ್ತು. ನಗಬಾರದೆಂದು ಕಿಟಕಿಯ ಕಡೆ ತಿರುಗಿದೆ. ನಗು ಬಂದೇಬಿಟ್ಟಿತು, ಅದರ ಹಿಂದೆಯೇ ಅಳುವೂ ಬಂತು. ಅಣ್ಣ ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ತನ್ನ ಎಡಗಾಲನ್ನು ನೋಡಿಕೊಂಡ, ಯಾರದೋ ಕಾಲು ನೋಡಿದ ಹಾಗೆ. ಕೆಳಗಿಳಿದು, ರಸ್ತೆಯ ಪಕ್ಕದಲ್ಲಿ ನಿಂತು ಹೊಸಪೇಟೆಗೆ ಫೋನ್ ಹಚ್ಚಿದ. ಮಾಲು ಕಳಿಸಬೇಡಿ ಎಂದ. ಆ ಕಡೆಯವರು ಜೋರು ಮಾಡಿರಬೇಕು, ಬಹಳ ಹೊತ್ತು ಕೇಳಿಸಿಕೊಂಡ.

"ಓಡ್ಸಾಕಿ ನನ್ ತಂಗಿ ಅದಾಳ್ರಿ. ಆಕಿಗೆ ಕ್ಲಚ್ ಬ್ಯಾಡ" ಎಂದ.

ನಾನು ಈ ಸೀಟಿನಿಂದ ಆ ಸೀಟಿಗೆ ಜರುಗಿದೆ. ಅವನು ಸುತ್ತಿಕೊಂಡು ಬಂದು ನನ್ನ ಎಡಕ್ಕೆ ಕೂತ.